ಹೊಣೆಗಲ್ಲು

ನಾನು ಕೃತಕ ಬುದ್ಧಿಮತ್ತೆಯ ನೀತಿಶಾಸ್ತ್ರ ಓದಲು ಸೇರಿದ್ದು ನೀತಿಯ ಮೇಲಿನ ಪ್ರೀತಿಯಿಂದೇನಲ್ಲ. ಆ ಕೋರ್ಸು ಮುಗಿಸಿದವರಿಗೆ ನಮ್ಮೂರಿನಲ್ಲಿ ಕೆಲಸ ಖಾತ್ರಿಯಿತ್ತು, ಅಷ್ಟೇ. ಯಂತ್ರ ಮಾಡುವವರಿಗೆ ಇಲ್ಲದ ಬೇಡಿಕೆ, ಅದನ್ನು ರಿಪೇರಿ ಮಾಡುವವರಿಗೂ ಇಲ್ಲದ ಬೇಡಿಕೆ, ಅದರ ಪರವಾಗಿ ಕೂರುವವರಿಗೆ ಇತ್ತು.

ಪೇಟೆ ಚೌಕದಲ್ಲಿ ಎರಡು ಕಲ್ಲುಗಳಿವೆ, ಎದುರುಬದುರು. ಒಂದು ಕೇಳುಗಲ್ಲು, ಇನ್ನೊಂದು ಹೊಣೆಗಲ್ಲು. ಯಂತ್ರದಿಂದ ತೊಂದರೆಯಾದವರು ಯಾರೇ ಆಗಲಿ, ಬಂದು ಕೇಳುಗಲ್ಲಿನ ಮೇಲೆ ಕೂತರೆ, ಆ ಯಂತ್ರದ ಪರವಾಗಿ ಒಬ್ಬ ಮನುಷ್ಯ ಬಂದು ಹೊಣೆಗಲ್ಲಿನ ಮೇಲೆ ಕೂರಬೇಕು. ಕೇಳುವವರು ಏಳುವ ತನಕ ಹೊಣೆಯವರು ಏಳುವಂತಿಲ್ಲ. ಹೊತ್ತು ಮುಳುಗಿದರೆ ಇಬ್ಬರೂ ಮನೆಗೆ ಹೋಗಿ ಬೆಳಿಗ್ಗೆ ಮತ್ತೆ ಬರಬಹುದು. ನಡುವೆ ಊಟಕ್ಕೂ ಮಿಕ್ಕಿದ್ದಕ್ಕೂ ಪುರಸಭೆಯ ಕಾವಲಿನ ದೇವೀರಮ್ಮ ಸೀಟಿ ಊದುತ್ತಾಳೆ, ಆಗ ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಬಂದು ಕೂರಬೇಕು. ಸೀಟಿಯಿಲ್ಲದೆ ಕೇಳುವವರು ಎದ್ದರೆ ವ್ಯಾಜ್ಯ ಅಲ್ಲಿಗೆ ಮುಗಿಯಿತು, ಯಂತ್ರ ಗೆದ್ದಂತೆ. ಹೊಣೆಯವರು ಮೊದಲು ಎದ್ದರೆ, ಅವರನ್ನು ಯಾರು ಕೂರಿಸಿದರೋ ಅವರೇ ಬಂದು ಕೂರಬೇಕು. ಇದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಹೊಣೆಯವರು ಮೊದಲು ಎದ್ದದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಏಳದೆ ಇರುವುದು ಹೇಗೆ ಎನ್ನುವುದನ್ನೇ ನಮಗೆ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕಲಿಸುತ್ತಿದ್ದರು.

ಊರಿನಲ್ಲಿ ಯಂತ್ರಗಳಿಗೇನೂ ಬರವಿರಲಿಲ್ಲ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು, ಆಸ್ಪತ್ರೆಯಲ್ಲಿ ಯಾರು ಮೊದಲು ಒಳಗೆ ಹೋಗಬೇಕು, ಯಾವ ಮಗು ಗಣಿತ ಓದಬೇಕು, ಯಾವುದು ಹೊಲಿಗೆ ಕಲಿಯಬೇಕು, ಎಲ್ಲವನ್ನೂ ಅವೇ ಹೇಳುತ್ತಿದ್ದವು. ಹಾಗಾಗಿ ಕಲ್ಲುಗಳು ಖಾಲಿ ಇರುವ ದಿನ ಕಡಿಮೆ. ಜನ ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿ ಯಾವ ಯಂತ್ರಕ್ಕೆ ಕೂರುತ್ತಾಳೆ ಎಂದು ಮೊದಲು ಕೇಳುತ್ತಿದ್ದರು. ಬೀದಿದೀಪದ ಯಂತ್ರಕ್ಕೆ ಕೂರುವವಳಾದರೆ ಒಳ್ಳೆಯ ಸಂಬಂಧ, ಏಕೆಂದರೆ ದೀಪದ ಬಗ್ಗೆ ಕೇಳಲು ಬರುವವರು ಬೇಗ ಎದ್ದು ಹೋಗುತ್ತಾರೆ. ಆಸ್ಪತ್ರೆಯ ಯಂತ್ರವಾದರೆ ಬಂದವರು ಉಪ್ಪಿಟ್ಟು ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಹೊರಡುತ್ತಿದ್ದರು. ನಮ್ಮಪ್ಪನದು ಟೈಲರ್ ಅಂಗಡಿ. ನಮ್ಮ ವಿಭಾಗದ ಹುಡುಗ ಹುಡುಗಿಯರಿಗೆಲ್ಲ ಕೂರುವ ಜಾಗದಲ್ಲಿ ಹತ್ತಿ ತುಂಬಿದ ಬಟ್ಟೆ ಹೊಲಿದುಕೊಡುತ್ತಿದ್ದರು. ಕಲ್ಲಿನ ಮೇಲೆ ದಿಂಬು ಇಟ್ಟುಕೊಳ್ಳುವಂತಿಲ್ಲ, ಕೊಡೆ ಹಿಡಿಯುವಂತಿಲ್ಲ. ಆದರೆ ಬಟ್ಟೆಯ ಒಳಗೆ ಏನಿದೆ ಎಂದು ದೇವೀರಮ್ಮ ನೋಡುತ್ತಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಅಪ್ಪ, ನಮ್ಮ ಭುವನೇಶ್ವರಿಯೂ ಮುಂದಿನ ವರ್ಷ ಕೂರುತ್ತಾಳೆ ಎಂದು ಟೇಪು ಕೊರಳಿಗೆ ಹಾಕಿಕೊಂಡೇ ಹೇಳುತ್ತಿದ್ದರು.

ನಮ್ಮ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಅಚ್ಯುತಮೂರ್ತಿ. ತೆಳ್ಳಗೆ, ಬೆಳ್ಳಗೆ, ಯಾವಾಗಲೂ ಇಸ್ತ್ರಿಯ ಗೆರೆ ಮುರಿಯದ ಅಂಗಿ. ಹೊಣೆಗಾರಿಕೆಯ ಬಗ್ಗೆ ನಾಲ್ಕು ದಪ್ಪ ಪುಸ್ತಕ ಬರೆದಿದ್ದರು. ಊರಿನಲ್ಲಿ ಯಾವ ಹೊಸ ಯಂತ್ರ ಬಂದರೂ ಅದು ನೀತಿವಂತ ಯಂತ್ರ ಎಂದು ಅವರ ವಿಭಾಗ ಪ್ರಮಾಣಪತ್ರ ಕೊಟ್ಟ ಮೇಲೆಯೇ ಗುಂಡಿ ಒತ್ತುತ್ತಿದ್ದರು. ಪಾಠ ಬಹಳ ಚೆನ್ನಾಗಿ ಮಾಡುತ್ತಿದ್ದರು ಎನ್ನುವುದನ್ನು ನಾನು ಈಗಲೂ ಹೇಳುತ್ತೇನೆ. ಮೊದಲನೆಯ ವರ್ಷ ನಮಗೆ ವಿಷಾದ, ಎರಡನೆಯ ವರ್ಷ ಸಹಾನುಭೂತಿ, ಮೂರನೆಯ ವರ್ಷ ಸಮಿತಿ. ವಿಷಾದ ವ್ಯಕ್ತಪಡಿಸಬಹುದು, ಆದರೆ ತಪ್ಪಾಯಿತು ಎಂದು ಮಾತ್ರ ಹೇಳಕೂಡದು ಎಂದು ಮೊದಲ ತರಗತಿಯಲ್ಲೇ ಹೇಳಿದ್ದರು. ತಪ್ಪಾಯಿತು ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ, ನೀತಿಶಾಸ್ತ್ರವೆಂದರೆ ಮಾತು ನಿಲ್ಲದಂತೆ ನೋಡಿಕೊಳ್ಳುವುದು ಎನ್ನುವುದು ಅವರ ವಿವರಣೆ. ಕತ್ತನ್ನು ಎಡಕ್ಕೆ ತುಸು ವಾಲಿಸಿ, ಹುಬ್ಬನ್ನು ಸ್ವಲ್ಪವೇ ಮೇಲಕ್ಕೆತ್ತಿ ಕೂರುವುದಕ್ಕೆ ಆಲಿಸುವ ಭಂಗಿ ಎಂದು ಹೆಸರು. ಅದರಲ್ಲಿ ಇಡೀ ತರಗತಿಗೆ ನಾನೇ ಮೊದಲು. ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಮಾಡಿ ಮನೆಯಲ್ಲಿ ಅಮ್ಮ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ ನನ್ನ ಕತ್ತು ತಾನಾಗಿ ಎಡಕ್ಕೆ ವಾಲುತ್ತಿತ್ತು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಎಂದರೆ ನಿಜವಾಗಿಯೂ ಕಲ್ಲಿನ ಮೇಲೆ ಕೂರುವುದು. ಎದುರಿಗಿದ್ದವರು ಎಷ್ಟು ಬೇಗ ಎದ್ದು ಹೋಗುತ್ತಾರೋ ಅಷ್ಟು ಹೆಚ್ಚು ಅಂಕ. ನನ್ನ ಪಾಲಿಗೆ ಬಂದದ್ದು ಬಸ್ ಡಿಪೋದ ಯಂತ್ರ. ಡಿಪೋ ಮ್ಯಾನೇಜರ್ ಶಂಭುಲಿಂಗಯ್ಯನವರು ಒಬ್ಬರನ್ನು ಕಳಿಸಿಕೊಡಿ ಎಂದು ವಿಭಾಗಕ್ಕೆ ಹೇಳಿಕಳಿಸಿದ್ದರು, ಪ್ರೊಫೆಸರು ನನ್ನನ್ನು ಕೂರಿಸಿದರು. ಆ ಯಂತ್ರದ ಕೆಲಸ ಸುಲಭದ್ದು. ಬೆಳಿಗ್ಗೆ ಡ್ಯೂಟಿಗೆ ಬಂದ ಪ್ರತಿ ಡ್ರೈವರನೂ ಅದರ ಮುಂದೆ ಒಂದು ಗಳಿಗೆ ಮುಖವಿಟ್ಟು ನಿಲ್ಲಬೇಕು. ಅದು ಕಣ್ಣನ್ನು ನೋಡಿ, ಎಚ್ಚರ ಎಂದರೆ ಬಸ್ಸಿನ ಕೀಲಿ ಸಿಗುತ್ತದೆ. ನಿದ್ದೆ ಎಂದರೆ ಮನೆಗೆ ಹೋಗಬೇಕು. ಡ್ರೈವರುಗಳು ಇದಕ್ಕೂ ಹೊಂದಿಕೊಂಡಿದ್ದರು. ರಾತ್ರಿ ಜಾಗರಣೆ ಮಾಡಿ ಬಂದವನು ಕೂಡ ಯಂತ್ರದ ಮುಂದೆ ನಿಂತಾಗ ಮೀನಿನ ಹಾಗೆ ಕಣ್ಣರಳಿಸಿ, ಕೀಲಿ ಸಿಕ್ಕ ಮೇಲೆ ರೆಪ್ಪೆ ಇಳಿಸುತ್ತಿದ್ದ.

ಕೇಳುಗಲ್ಲಿನ ಮೇಲೆ ಬಂದು ಕೂತವನು ಪಾಲಾಕ್ಷಪ್ಪ. ಐವತ್ತು ದಾಟಿದ ಡ್ರೈವರು, ಗಡಸು ಗಂಟಲು, ಕೆಂಪು ಮಫ್ಲರು. ಒಂದು ಚಳಿಗಾಲ ಗಾಜು ಒಡೆದ ಬಸ್ಸನ್ನು ವಾರಗಟ್ಟಲೆ ಓಡಿಸಿ, ತಣ್ಣನೆ ಗಾಳಿ ಹೊಡೆದು ಅವನ ಮುಖದ ಎಡಭಾಗ ಎಳೆದುಕೊಂಡಿತ್ತಂತೆ. ಬಾಯಿ ಕೆನ್ನೆ ಎಲ್ಲ ಸರಿಯಾದವು, ಎಡಗಣ್ಣಿನ ರೆಪ್ಪೆ ಮಾತ್ರ ಅರ್ಧಕ್ಕೆ ಜೋತುಬಿದ್ದೇ ಉಳಿಯಿತು. ದೃಷ್ಟಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಯಂತ್ರ ನೋಡುತ್ತಿದ್ದುದು ರೆಪ್ಪೆಯನ್ನು. ಹೊಸ ಯಂತ್ರ ಬಂದ ದಿನದಿಂದ ಅದು ಪಾಲಾಕ್ಷಪ್ಪನಿಗೆ ನಿದ್ದೆ ಎಂದೇ ಹೇಳುತ್ತಿತ್ತು. ಅವನು ದಿನವೂ ಖಾಕಿ ಹಾಕಿಕೊಂಡು ಬಂದು, ನಿದ್ದೆ ಅನ್ನಿಸಿಕೊಂಡು, ಮನೆಗೆ ಹೋಗುತ್ತಿದ್ದ.

ಅವನು ಬೈಯುತ್ತಾನೆ ಎಂದುಕೊಂಡು ನಾನು ಸಿದ್ಧವಾಗಿ ಹೋಗಿದ್ದೆ. ಬೈಯುವವರನ್ನು ಏಳಿಸುವುದು ಸುಲಭ, ಅವರಿಗೆ ಸುಸ್ತಾಗುತ್ತದೆ. ಇವನು ಬೈಯಲಿಲ್ಲ. ಕೂತು, ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಒಂದೇ ಮಾತು ಕೇಳಿದ.

"ಈ ಕಣ್ಣಿಗೆ ನಾನೇನು ಮಾಡಬೇಕು, ಹೇಳು ತಾಯಿ."

ನಾನು ಕತ್ತು ವಾಲಿಸಿ, ಗೌರವಾನ್ವಿತ ಬಾಧಿತರೇ ಎಂದು ಶುರುಮಾಡಿದೆ. ನಿಮ್ಮ ಅನುಭವ ನಮಗೆ ಅಮೂಲ್ಯ ಎಂದೆ. ಪ್ರತಿಯೊಂದು ವ್ಯವಸ್ಥೆಯಲ್ಲೂ ನಿಖರತೆಗೂ ನ್ಯಾಯಕ್ಕೂ ನಡುವೆ ಒಂದು ಎಳೆದಾಟವಿರುತ್ತದೆ ಎಂದೆ. ಪ್ರಯಾಣಿಕರ ಸುರಕ್ಷತೆ, ಸಮುದಾಯದ ಹಿತ, ದೀರ್ಘಕಾಲದ ವಿಶ್ವಾಸ ಎಂದೆಲ್ಲ ಹೇಳಿ ವಿಷಾದ ವ್ಯಕ್ತಪಡಿಸಿದೆ. ಪಾಲಾಕ್ಷಪ್ಪ ಪೂರ್ತಿ ಕೇಳಿದ. ಕೇಳಿ, ಅದು ಸರಿ, ಕಣ್ಣಿಗೆ ಏನು ಮಾಡಲಿ ಎಂದ. ನಾನು ಸಮಿತಿಯ ಬಗ್ಗೆ ಹೇಳಿದೆ. ಅದೂ ಸರಿ, ಕಣ್ಣಿಗೆ ಏನು ಮಾಡಲಿ ಎಂದ. ಎದುರಿನ ಬಟ್ಟೆ ಅಂಗಡಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಪ್ರೊಫೆಸರ್ ಅಚ್ಯುತಮೂರ್ತಿ ನನ್ನತ್ತ ನೋಡಿ ತಲೆದೂಗಿದರು. ಭಂಗಿ ಚೆನ್ನಾಗಿದೆ ಎಂದು ಅದರ ಅರ್ಥ.

ಹೊತ್ತು ಮುಳುಗಿತು. ಮರುದಿನ ಅವನು ಮತ್ತೆ ಬಂದ. ಅದರ ಮರುದಿನವೂ ಬಂದ. ನನ್ನ ಅಂಕ ಇಳಿಯುತ್ತಾ ಹೋಯಿತು. ನನ್ನ ಗೆಳತಿಯರೆಲ್ಲ ತಮ್ಮ ತಮ್ಮ ಬಾಧಿತರನ್ನು ಬೇಗ ಏಳಿಸಿ ಪಾಸಾಗಿದ್ದರು. ಈ ಪಾಲಾಕ್ಷಪ್ಪ ದೇವರಂಥ ಮನುಷ್ಯನಾಗಿದ್ದಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತೋ ಏನೋ. ಹಾಗೇನೂ ಇರಲಿಲ್ಲ. ಮಜ್ಜಿಗೆಗೆ ಹುಳಿ ಹೆಚ್ಚು ಎಂದು ಚೌಕದ ಮಜ್ಜಿಗೆ ಅಂಗಡಿಯವನೊಂದಿಗೆ ಕೂತಲ್ಲಿಂದಲೇ ಜಗಳವಾಡುತ್ತಿದ್ದ. ತನ್ನ ಭಾವಮೈದುನ ಎಮ್ಮೆ ಮಾರಲು ಹೋಗಿ ಮೋಸಹೋದ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದ, ಪ್ರತಿ ಸಲ ಎಮ್ಮೆಯ ಬಣ್ಣ ಬೇರೆ. ನೀನು ನೋಡಲು ಲಕ್ಷಣವಾಗಿದ್ದೀಯ, ಕತ್ತು ಒಂದಿಷ್ಟು ಸೊಟ್ಟ, ನಮ್ಮ ಅಕ್ಕನ ಮಗನಿಗೆ ಕೇಳೋಣವೇ ಎಂದು ಒಂದು ಮಧ್ಯಾಹ್ನ ನನ್ನನ್ನೇ ಕೇಳಿದ. ನಾನು ಪಠ್ಯಕ್ರಮದಲ್ಲಿ ಇಲ್ಲದ ಒಂದು ಮಾತನ್ನು ಬಾಯಿವರೆಗೆ ತಂದುಕೊಂಡು ನುಂಗಿದೆ.

ಆದರೆ ಒಂದು ವಿಷಯಕ್ಕೆ ಬಂದಾಗ ಅವನ ದನಿ ಇಳಿಯುತ್ತಿತ್ತು. ಅವನು ಓಡಿಸುತ್ತಿದ್ದುದು ಕಣಿವೆ ದಾರಿಯ ಬಸ್ಸು. ಬೆಳಗಿನ ಪಾಳಿ ಅವನದು, ಮಧ್ಯಾಹ್ನದ ಮೇಲೆ ಈರಯ್ಯ ಎನ್ನುವವನದು. ಪಾಲಾಕ್ಷಪ್ಪನನ್ನು ಮನೆಗೆ ಕಳಿಸಲು ಶುರುಮಾಡಿದ ಮೇಲೆ ಎರಡು ಪಾಳಿಯನ್ನೂ ಈರಯ್ಯನೇ ಮಾಡುತ್ತಿದ್ದ. ಈರಯ್ಯನಿಗೆ ಎರಡೂ ರೆಪ್ಪೆ ನೆಟ್ಟಗಿದ್ದವು, ಯಂತ್ರ ಅವನಿಗೆ ದಿನವೂ ಎಚ್ಚರ ಎನ್ನುತ್ತಿತ್ತು. "ಅವನ ಕೈ ಸ್ಟೀರಿಂಗಿನ ಮೇಲೆ ಇರುತ್ತೆ. ಅವನು ಎಲ್ಲಿರ್ತಾನೋ ನನಗೆ ಗೊತ್ತಿಲ್ಲ" ಎಂದ ಪಾಲಾಕ್ಷಪ್ಪ. ಆ ಕಣಿವೆಯ ತಿರುವುಗಳು ನನಗೂ ಗೊತ್ತಿದ್ದವು, ನಮ್ಮ ಅಜ್ಜಿಯ ಊರು ಅದರಾಚೆ. ನಾನು ಈ ವಿಷಯವನ್ನು ಸಂಜೆ ಪ್ರೊಫೆಸರಿಗೆ ಹೇಳಿದೆ. ಅವರು ಬಹಳ ಸಂತೋಷಪಟ್ಟರು. ಇದು ಆನುಷಂಗಿಕ ಪರಿಣಾಮಕ್ಕೆ ಅತ್ಯುತ್ತಮ ಉದಾಹರಣೆ, ಬರೆದಿಟ್ಟುಕೋ ಎಂದರು.

ಅಷ್ಟರಲ್ಲಿ ಪಾಲಾಕ್ಷಪ್ಪ ಏಳದ ಸುದ್ದಿ ಹರಡಿ, ನಮ್ಮ ವಿಭಾಗ ಅದರ ಬಗ್ಗೆ ಒಂದು ವಿಚಾರ ಸಂಕಿರಣ ಏರ್ಪಡಿಸಿತು. ಕಲ್ಲುಗಳ ಪಕ್ಕದಲ್ಲೇ ಶಾಮಿಯಾನ ಹಾಕಿದರು. ಶಾಮಿಯಾನದ ನೆರಳು ಕಲ್ಲುಗಳ ಮೇಲೆ ಬೀಳಕೂಡದು ಎಂದು ದೇವೀರಮ್ಮ ತಕರಾರು ತೆಗೆದದ್ದರಿಂದ ಕಂಬಗಳನ್ನು ಸರಿಸಿ ಸರಿಸಿ ಹುಗಿದರು. ಬೇರೆ ಬೇರೆ ಊರುಗಳಿಂದ ವಿದ್ವಾಂಸರು ಬಂದರು. ಬಾಧಿತರ ಧ್ವನಿ ಎನ್ನುವುದು ವಿಷಯ. ಬಾಧಿತನಿಂದಲೂ ಎರಡು ಮಾತು ಆಡಿಸಬೇಕು ಎಂದು ಯಾರೋ ಸೂಚಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅವನು ಕಲ್ಲು ಬಿಟ್ಟು ವೇದಿಕೆಗೆ ಬರುವಂತಿರಲಿಲ್ಲ, ಮೈಕಿನ ವೈರು ಕಲ್ಲಿನವರೆಗೆ ಸಾಲಲಿಲ್ಲ. ಹಾಗಾಗಿ ಅವನ ಪರವಾಗಿ ಒಬ್ಬ ವಿದ್ವಾಂಸರೇ ಮಾತಾಡಿದರು. ಬಿಸಿಲಿನ ಅನುಭವವನ್ನು ಅವರು ಎಷ್ಟು ಮನಮುಟ್ಟುವಂತೆ ವರ್ಣಿಸಿದರೆಂದರೆ, ಶಾಮಿಯಾನದಲ್ಲಿದ್ದವರು ಬೀಸಣಿಗೆ ಬೀಸಿಕೊಂಡರು. ನಾನೂ ಪಾಲಾಕ್ಷಪ್ಪನೂ ಬಿಸಿಲಲ್ಲಿ ಕೂತು ಕೇಳಿದೆವು. ನೀನು ನನ್ನ ಬಗ್ಗೆ ಏನಾದರೂ ಹೇಳಿದ್ದೆಯಾ, ಇವರು ನನಗೆ ಗೊತ್ತಿಲ್ಲದ್ದೆಲ್ಲ ಹೇಳುತ್ತಿದ್ದಾರಲ್ಲ ಎಂದು ಅವನು ನನ್ನನ್ನು ಕೇಳಿದ.

ಸಂಕಿರಣದ ಊಟದ ಸಮಯ ಹತ್ತಿರವಾಗಿತ್ತು. ಚಿತ್ರಾನ್ನದ ವಾಸನೆ ಬರುತ್ತಿತ್ತು. ಆಗ ಕಣಿವೆಯ ಬಸ್ಸು ಚೌಕಕ್ಕೆ ಬಂದು ನಿಂತಿತು. ಅದು ಅಲ್ಲಿ ನಿಲ್ಲುವುದು ವಾಡಿಕೆ, ಡ್ರೈವರು ಮಜ್ಜಿಗೆ ಕುಡಿದು ಹೊರಡುತ್ತಾನೆ. ಬಸ್ಸು ತುಂಬಿತ್ತು. ಬಾಗಿಲಲ್ಲಿ ಹೆಂಗಸರು ಕೂಸುಗಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಈರಯ್ಯ ಇಳಿದು ಬಂದ. ಮಜ್ಜಿಗೆ ಲೋಟ ತೆಗೆದುಕೊಂಡು ಅರ್ಧ ಕುಡಿದ. ಕುಡಿಯುತ್ತಿದ್ದವನು ಹಾಗೆಯೇ ನಿಂತ. ಲೋಟ ಓರೆಯಾಗಿ ಮಜ್ಜಿಗೆ ಅವನ ಅಂಗಿಯ ಮೇಲೆ ಸುರಿಯಿತು, ಅವನಿಗೆ ಗೊತ್ತಾಗಲಿಲ್ಲ. ಕಣ್ಣು ತೆರೆದೇ ಇದ್ದವು. ಅಂಗಡಿಯವನು ಏನೋ ಅಂದಾಗ ಬೆಚ್ಚಿ, ಲೋಟ ಇಟ್ಟು, ಮತ್ತೆ ಬಸ್ಸಿನ ಕಡೆ ನಡೆದು, ಡ್ರೈವರಿನ ಬಾಗಿಲು ಬಿಟ್ಟು ಹಿಂದಿನ ಚಕ್ರದ ಹತ್ತಿರ ಹೋಗಿ ಹಿಡಿಕೆಗಾಗಿ ತಡಕಾಡಿದ. ಆಮೇಲೆ ಹೇಗೋ ಸರಿಯಾದ ಬಾಗಿಲು ಹುಡುಕಿ ಹತ್ತಿ ಕೂತ. ಇಂಜಿನ್ ಶುರುವಾಯಿತು.

ಪಾಲಾಕ್ಷಪ್ಪ ಇದನ್ನೆಲ್ಲ ನೋಡುತ್ತಿದ್ದ. ಅವನ ಕೈಗಳು ಕಲ್ಲಿನ ಮೇಲೆ ಊರಿದವು, ಮೊಣಕಾಲು ನೆಟ್ಟಗಾಗತೊಡಗಿದವು. ಏಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅವನು ಎದ್ದರೆ ವ್ಯಾಜ್ಯ ಮುಗಿಯುತ್ತದೆ, ಅವನ ಬಸ್ಸು ಅವನ ಕೈತಪ್ಪುತ್ತದೆ, ನಾನು ಪಾಸಾಗುತ್ತೇನೆ. ಅದೂ ಅವನಿಗೆ ಗೊತ್ತಿತ್ತು. ಒಂದು ಸಲ ನನ್ನ ಮುಖ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹೋಗಲಿ ಬಿಡು ಎನ್ನುವಂತೆ ಇತ್ತು. ಅವನು ಪೂರ್ತಿ ಏಳುವುದಕ್ಕೆ ಮುಂಚೆ ನಾನು ಎದ್ದುಬಿಟ್ಟೆ. ಯೋಚಿಸಿ ಎದ್ದೆ ಎಂದರೆ ಸುಳ್ಳಾಗುತ್ತದೆ. ಕೂತುಕೋ ಎಂದು ಅವನಿಗೆ ಕೈಸನ್ನೆ ಮಾಡುತ್ತಾ ಓಡಿ ಬಸ್ಸಿನ ಮುಂದೆ ನಿಂತು, ಇಂಜಿನ್ ನಿಲ್ಲಿಸು ಎಂದು ಕೂಗಿದೆ. ಈರಯ್ಯ ಎರಡು ಸಲ ಕೇಳಿಸಿಕೊಂಡ ಮೇಲೆ ನಿಲ್ಲಿಸಿದ. ಬಾಗಿಲು ತೆಗೆದು, ಕೀಲಿ ಕೊಡು, ಹಿಂದಿನ ಸೀಟಿಗೆ ಹೋಗಿ ಮಲಗು ಎಂದೆ. ಅವನು ನನ್ನನ್ನು ಯಾರು ಎಂದೂ ಕೇಳಲಿಲ್ಲ. ಇಷ್ಟು ದಿನ ಯಾರಾದರೂ ಹೀಗೆ ಹೇಳಲಿ ಎಂದು ಕಾಯುತ್ತಿದ್ದವನಂತೆ ಕೀಲಿ ನನ್ನ ಅಂಗೈಯಲ್ಲಿಟ್ಟು, ಹಿಂದೆ ಹೋಗಿ, ಒಬ್ಬ ಹೆಂಗಸಿನ ಗಂಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ.

ಶಾಮಿಯಾನದಲ್ಲಿ ಗದ್ದಲವಾಯಿತು. ಭುವನೇಶ್ವರಿ, ಕೂತುಕೋ, ಈಗಲೇ ಕೂತುಕೊಂಡರೆ ಎದ್ದದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದು ಪ್ರೊಫೆಸರು ಮೈಕಿನಲ್ಲೇ ಹೇಳುತ್ತಿದ್ದರು. ನಾನು ಹೋಗಿ ಕೂತದ್ದು ನಿಜ. ಆದರೆ ಪಾಲಾಕ್ಷಪ್ಪನ ಪಕ್ಕದಲ್ಲಿ, ಕೇಳುಗಲ್ಲಿನ ಮೇಲೆ. ಅವನು ಸರಿದು ಜಾಗ ಕೊಟ್ಟ. ದೇವೀರಮ್ಮ ಉದ್ದಕ್ಕೆ ಸೀಟಿ ಊದಿ, ಹೊಣೆಗಲ್ಲು ಖಾಲಿಯಾಗಿದೆ, ಕೂರಿಸಿದವರು ಯಾರು, ಬರಬೇಕು ಎಂದು ಕೂಗಿದಳು. ತನ್ನ ಕೆಲಸದಲ್ಲಿ ಮೊದಲ ಸಲ ಆ ಮಾತನ್ನು ಕೂಗುತ್ತಿದ್ದ ಸಂಭ್ರಮ ಅವಳ ದನಿಯಲ್ಲಿತ್ತು.

ಪ್ರೊಫೆಸರ್ ಅಚ್ಯುತಮೂರ್ತಿ ಹಿಂದೆ ಮುಂದೆ ನೋಡಿದರು. ಇನ್ನೊಬ್ಬ ವಿದ್ಯಾರ್ಥಿಯನ್ನು ಕಳಿಸಬಹುದೇ ಎಂದು ಕೇಳಿದರು, ಆಗದು ಎಂದಳು ದೇವೀರಮ್ಮ. ಹೊರ ಊರಿನ ವಿದ್ವಾಂಸರೆಲ್ಲ ತಟ್ಟೆ ಹಿಡಿದುಕೊಂಡು ನೋಡುತ್ತಿದ್ದರು. ಕೊನೆಗೆ ಅವರು ಬಿಸಿಲಿಗೆ ಇಳಿದು ಬಂದು, ಕರವಸ್ತ್ರ ಹಾಸಲು ಹೋಗಿ, ಅದು ನಿಷೇಧ ಎಂದು ನೆನಪಾಗಿ ಮಡಿಚಿ ಜೇಬಿಗಿಟ್ಟು, ಹೊಣೆಗಲ್ಲಿನ ಮೇಲೆ ಕೂತರು. ಕಲ್ಲು ಆ ಹೊತ್ತಿಗೆ ಕಾದ ಹೆಂಚಿನಂತೆ ಇರುತ್ತದೆ. ಅವರ ಪ್ಯಾಂಟಿಗೆ ಹತ್ತಿ ಇರಲಿಲ್ಲ. ಕೂತ ತಕ್ಷಣ ಅವರ ಮುಖದಲ್ಲಿ ಒಂದು ಆಶ್ಚರ್ಯ ಕಾಣಿಸಿತು.

ಮೊದಲು ಅವರು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು, ಡ್ರೈವರು ಮಲಗಿದ್ದ ಕಾರಣ ಅವರಿಗೂ ಬೇರೆ ಕೆಲಸವಿರಲಿಲ್ಲ. ಮಾತು ನಿಂತಾಗ ಪಾಲಾಕ್ಷಪ್ಪ ಅದೇ ಪ್ರಶ್ನೆ ಕೇಳಿದ. ಪ್ರೊಫೆಸರು ಮತ್ತೆ ಮಾತಾಡಿದರು, ಈ ಸಲ ಸ್ವಲ್ಪ ಚಿಕ್ಕದಾಗಿ. ಯಂತ್ರವನ್ನು ನಮ್ಮ ವಿಭಾಗವೇ ಪರೀಕ್ಷೆ ಮಾಡಿ ಒಪ್ಪಿದೆ ಎಂದರು. ಕಿಟಕಿಯಲ್ಲಿದ್ದ ಒಬ್ಬ ಅಜ್ಜಿ, ಯಾರ ಮೇಲೆ ಪರೀಕ್ಷೆ ಮಾಡಿದಿರಿ ಸ್ವಾಮಿ ಎಂದು ಕೇಳಿದಳು. ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ನಿಜ ಹೇಳಿದರು. ತಮ್ಮ ತರಗತಿಗೇ ಯಂತ್ರ ತಂದು, ಮಧ್ಯಾಹ್ನದ ಪಾಠದ ನಡುವೆ ವಿದ್ಯಾರ್ಥಿಗಳ ಮುಂದೆ ಹಿಡಿದರಂತೆ. ಅದು ಎಲ್ಲರಿಗೂ ನಿದ್ದೆ ಎಂದಿತಂತೆ. ಎಲ್ಲರೂ ನಿಜವಾಗಿಯೂ ನಿದ್ದೆ ಮಾಡುತ್ತಿದ್ದುದರಿಂದ ಯಂತ್ರ ನೂರಕ್ಕೆ ನೂರು ಸರಿಯಾಗಿದೆ ಎಂದು ಪ್ರಮಾಣಪತ್ರ ಕೊಟ್ಟರಂತೆ. ಎಚ್ಚರವಿದ್ದವರನ್ನು ಅದು ಏನೆನ್ನುತ್ತದೆ ಎಂದು ನೋಡಲು ತರಗತಿಯಲ್ಲಿ ಯಾರೂ ಸಿಕ್ಕಿರಲಿಲ್ಲ.

ಇಡೀ ಚೌಕ ನಕ್ಕಿತು. ಶಾಮಿಯಾನದವರೂ ನಕ್ಕರು. ನಾನೂ ನಕ್ಕೆ, ಆ ದಿನ ಮಲಗಿದ್ದವರಲ್ಲಿ ನಾನೂ ಒಬ್ಬಳು. ನಗದೆ ಇದ್ದವರು ಇಬ್ಬರೇ, ಪಾಲಾಕ್ಷಪ್ಪ ಮತ್ತು ಪ್ರೊಫೆಸರು. ಅವರ ಅಂಗಿ ಬೆವರಿಗೆ ಬೆನ್ನಿಗಂಟಿ ಇಸ್ತ್ರಿಯ ಗೆರೆ ಎಲ್ಲೋ ಹೋಗಿತ್ತು. ಕತ್ತು ಯಾವ ಕಡೆಗೂ ವಾಲಿರಲಿಲ್ಲ. ಅವರು ಪಾಲಾಕ್ಷಪ್ಪನ ಕಣ್ಣನ್ನೇ ನೋಡುತ್ತಿದ್ದರು. ನೋಡುತ್ತಾ, ಇದು ಹೀಗಾದಾಗ ನೋವಾಗಿತ್ತೇ ಎಂದು ಕೇಳಿದರು. ನಾವು ಇಷ್ಟು ದಿನ ಕೂತಿದ್ದೆವಲ್ಲ, ನಾನಾಗಲಿ ಸಂಕಿರಣದವರಾಗಲಿ ಆ ಒಂದು ಮಾತು ಕೇಳಿರಲಿಲ್ಲ. ಕಣ್ಣಿಗಿಂತ ಕಿವಿಯ ಹಿಂದೆ ಹೆಚ್ಚು ನೋವಿತ್ತು ಎಂದು ಪಾಲಾಕ್ಷಪ್ಪ ಬೆರಳಿಟ್ಟು ತೋರಿಸಿದ.

"ತಪ್ಪಾಯಿತು" ಎಂದರು ಪ್ರೊಫೆಸರ್ ಅಚ್ಯುತಮೂರ್ತಿ.

ಮೈಕಿನಲ್ಲಿ ಹೇಳದಿದ್ದರೂ ಎಲ್ಲರಿಗೂ ಕೇಳಿಸಿತು. ನಮ್ಮ ವಿಭಾಗದ ಒಬ್ಬ ಅಧ್ಯಾಪಕರು ತಟ್ಟೆ ಕೆಳಗಿಟ್ಟರು. ಪಾಲಾಕ್ಷಪ್ಪ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ ಸ್ವಲ್ಪ ಸಂಕೋಚದಿಂದ, ಇರಲಿ ಬುದ್ಧಿ, ಕಣ್ಣಿಗೆ ಏನು ಮಾಡಲಿ ಎಂದ.

"ಕಣ್ಣಿಗೆ ಏನೂ ಮಾಡಬೇಡಿ" ಎಂದು ಹೇಳಿ ಪ್ರೊಫೆಸರು ಎದ್ದು ನಿಂತರು.

ದೇವೀರಮ್ಮ ಮತ್ತೆ ಸೀಟಿ ಊದಿದಳು. ಈ ಸಲ ಕೂರಿಸಿದವರು, ಒಬ್ಬರನ್ನು ಕಳಿಸಿ ಎಂದು ವಿಭಾಗಕ್ಕೆ ಹೇಳಿಕಳಿಸಿದ್ದ ಡಿಪೋ ಮ್ಯಾನೇಜರ್ ಶಂಭುಲಿಂಗಯ್ಯ. ಅವರನ್ನು ಕರೆತರಲು ಜನ ಹೋದರು. ಪ್ರೊಫೆಸರು ಶಾಮಿಯಾನಕ್ಕೆ ಹಿಂತಿರುಗದೆ ಮಜ್ಜಿಗೆ ಅಂಗಡಿಯ ಕಟ್ಟೆಯ ಮೇಲೆ ಒಬ್ಬರೇ ಕೂತರು. ಸ್ವಲ್ಪ ಹೊತ್ತಿಗೆ ಡಿಪೋದ ಜೀಪು ಬರುವುದು ಕಾಣಿಸಿತು. ಅದು ಚೌಕದ ಮೂಲೆಯಲ್ಲಿ ನಿಂತಿತು. ಒಳಗಿನಿಂದ ಶಂಭುಲಿಂಗಯ್ಯನವರು ಬಿಸಿಲನ್ನೂ ಕಲ್ಲನ್ನೂ ಸುತ್ತ ನೆರೆದಿದ್ದ ಜನರನ್ನೂ ನೋಡಿದರು. ಇಳಿಯಲಿಲ್ಲ. ಗುಮಾಸ್ತನೊಬ್ಬನನ್ನು ಇಳಿಸಿ ಕಳಿಸಿದರು. ಯಂತ್ರ ಹೇಳುವುದನ್ನು ಇನ್ನುಮುಂದೆ ಪಾಲಾಕ್ಷಪ್ಪನ ಮಟ್ಟಿಗೆ ಬರೀ ಸಲಹೆ ಎಂದು ತಿಳಿಯತಕ್ಕದ್ದು, ಅವನು ಈಗಿಂದೀಗಲೇ ಡ್ಯೂಟಿಗೆ ಹಾಜರಾಗಬಹುದು ಎಂದು ಗುಮಾಸ್ತ ಹೇಳಿದ. ನಾಲ್ಕು ದಪ್ಪ ಪುಸ್ತಕಗಳಿಂದ ಆಗದ ಕೆಲಸ ಜೀಪಿನ ಕಿಟಕಿಯಿಂದ ಕಂಡ ಒಂದು ಖಾಲಿ ಕಲ್ಲಿನಿಂದ ಆಯಿತು.

ಪಾಲಾಕ್ಷಪ್ಪ ಏಳಲು ಹೊರಟ. ನಾನು ಅವನ ತೋಳು ಹಿಡಿದುಕೊಂಡೆ. ನಿಮ್ಮೊಬ್ಬರ ಮಟ್ಟಿಗೆ ಅಂದಿದ್ದಾರೆ, ನಾಳೆ ಇನ್ನೊಬ್ಬರಿಗೆ ಹೀಗಾದರೆ, ಸ್ವಲ್ಪ ಕೂತಿರಿ, ಅವರು ಇಳಿದು ಬರಲಿ, ಯಂತ್ರವನ್ನೇ ತೆಗೆಸೋಣ ಎಂದೆ. ನನ್ನ ಮೈಯಲ್ಲಿ ಆಗ ಎಲ್ಲಿಂದಲೋ ಒಂದು ಆವೇಶ ಬಂದಿತ್ತು. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಕೀಲಿ ಕೇಳಿ ತೆಗೆದುಕೊಂಡ.

"ನನಗೆ ಬಸ್ಸು ಸಿಕ್ಕಿತು ತಾಯಿ. ನಿನ್ನ ಕೆಲಸ ನೀನು ಮಾಡು."

ಈರಯ್ಯನನ್ನು ಎಬ್ಬಿಸಬೇಡಿ ಎಂದು ಪ್ರಯಾಣಿಕರಿಗೆ ಗದರಿಸಿ, ಬಾಗಿಲಲ್ಲಿ ನಿಂತಿದ್ದವರನ್ನು ಒಳಗೆ ತಳ್ಳಿಸಿ, ಎಲ್ಲರೂ ಬೆಚ್ಚುವ ಹಾಗೆ ಹಾರ್ನ್ ಒತ್ತಿ ಕಣಿವೆಯ ಕಡೆಗೆ ಹೊರಟುಹೋದ. ಹಿಂತಿರುಗಿ ನೋಡಲಿಲ್ಲ. ನನಗೆ ಸ್ವಲ್ಪ ಕೋಪ ಬಂತು. ಆದರೆ ಬಸ್ಸು ಚೌಕದಾಚೆಯ ತಿರುವಿನಲ್ಲಿ ಎಷ್ಟು ನಾಜೂಕಾಗಿ ಬಾಗಿತೆಂದರೆ, ಆ ಕೋಪ ಬಹಳ ಹೊತ್ತು ಉಳಿಯಲಿಲ್ಲ.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ನಾನು ಪ್ರಾಯೋಗಿಕದಲ್ಲಿ ಫೇಲಾದೆ, ಬಾಧಿತರಿಗಿಂತ ಮುಂಚೆ ಎದ್ದಿದ್ದಾಳೆ ಎನ್ನುವುದು ಕಾರಣ. ಅಪ್ಪ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ಪಾಲಾಕ್ಷಪ್ಪನಿಗೆ ನ್ಯಾಯ ಸಿಕ್ಕದ್ದು ತನ್ನ ಚೌಕಟ್ಟಿನ ಯಶಸ್ಸು ಎಂದು ವಿಭಾಗ ಒಂದು ಚಂದದ ವರದಿ ಅಚ್ಚುಹಾಕಿಸಿತು, ಅದರ ಮುಖಪುಟದಲ್ಲಿ ಅವನ ಫೋಟೋ ಇತ್ತು, ಬಲಗಣ್ಣಿನ ಕಡೆಯಿಂದ ತೆಗೆದದ್ದು. ಕಲ್ಲು ಹೀಗೆ ಮೇಲಿನ ಅಧಿಕಾರಿಗಳನ್ನು ಹುಡುಕಿಕೊಂಡು ಹೋಗಲು ಶುರುಮಾಡಿದರೆ ಎಲ್ಲಿಗೆ ನಿಲ್ಲುತ್ತದೆ ಎಂದು ಪುರಸಭೆಯವರು ಹೆದರಿದರು. ಸಭೆ ಸೇರಿ ನಿಯಮ ಬದಲಾಯಿಸಿದರು. ಈಗ ಪದವಿ ಪಡೆದವರು ಮಾತ್ರ ಹೊಣೆಗಲ್ಲಿನ ಮೇಲೆ ಕೂರಬಹುದು, ಒಬ್ಬರು ಎದ್ದರೆ ಇನ್ನೊಬ್ಬ ಪದವೀಧರನನ್ನು ಕೂರಿಸಿದರೆ ಸಾಕು. ಹೊಣೆಗಲ್ಲಿನ ಮೇಲೆ ಒಂದು ತಗಡಿನ ಮಾಡನ್ನೂ ಹಾಕಿಸಿದರು. ವಿಭಾಗಕ್ಕೆ ಅರ್ಜಿಗಳು ಎಷ್ಟು ಬಂದವೆಂದರೆ, ಯಾರಿಗೆ ಸೀಟು ಕೊಡಬೇಕೆಂದು ತೀರ್ಮಾನಿಸಲು ಒಂದು ಯಂತ್ರ ತರಿಸಬೇಕಾಯಿತು.

ಪದವಿ ಇಲ್ಲದ ನನ್ನನ್ನು ಈಗ ಯಾವ ಯಂತ್ರಕ್ಕೂ ಕೂರಿಸುವಂತಿಲ್ಲ. ಹಾಗಾಗಿ ಕೇಳುವವರು ನನ್ನನ್ನು ಕರೆಯತೊಡಗಿದರು. ಎದುರಿನವರು ಯಾವ ಮಾತಿಗೆ ಯಾವ ಮಾತು ಆಡುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ ಎನ್ನುವುದು ನನಗೆ ಬಾಯಿಪಾಠ. ಬಿಸಿಲಲ್ಲಿ ಅವರ ಜೊತೆ ಕೂರುತ್ತೇನೆ. ಅಪ್ಪ ಈಗ ಹತ್ತಿಯ ಬಟ್ಟೆಯನ್ನು ಈ ಕಡೆ ಕೂರುವವರಿಗೂ ಹೊಲಿಯುತ್ತಾರೆ.

ಪ್ರೊಫೆಸರ್ ಅಚ್ಯುತಮೂರ್ತಿಯವರಿಗೆ ಬಿಸಿಲು ತಲೆಗೇರಿ ಆ ಮಾತು ಬಾಯಿಂದ ಬಂತೆಂದು ವಿಶ್ವವಿದ್ಯಾಲಯ ತೀರ್ಮಾನಿಸಿ, ಅವರಿಗೆ ದೀರ್ಘ ರಜೆ ಕೊಟ್ಟಿತು. ಅವರು ರಜೆಯಲ್ಲಿ ಮನೆಯಲ್ಲಿ ಇರಲಿಲ್ಲ. ತಾವು ಪ್ರಮಾಣಪತ್ರ ಕೊಟ್ಟ ಒಂದೊಂದು ಯಂತ್ರಕ್ಕೂ ತಾವೇ ಕೂರುವುದಾಗಿ ಹೇಳಿ ಚೌಕಕ್ಕೆ ಬಂದರು. ಪದವಿ ಇರುವವರನ್ನು ಬೇಡ ಎನ್ನಲು ಹೊಸ ನಿಯಮದಲ್ಲೂ ಅವಕಾಶವಿರಲಿಲ್ಲ. ಮೊನ್ನೆ ನಾನು ಒಬ್ಬ ಹೆಂಗಸಿನ ಜೊತೆ ಹೋಗಿದ್ದೆ, ಅವಳ ಮಗಳನ್ನು ಆಸ್ಪತ್ರೆಯ ಯಂತ್ರ ಸಾಲಿನ ಕೊನೆಗೆ ಹಾಕಿತ್ತು. ಎದುರಿಗೆ ಅವರು ಇದ್ದರು. ತಗಡಿನ ನೆರಳು ಬಿಟ್ಟು ಕಲ್ಲಿನ ಅಂಚಿಗೆ ಬಂದು, ಬಿಸಿಲಿಗೆ ಕೂತಿದ್ದರು. ನನ್ನನ್ನು ನೋಡಿ ತಲೆದೂಗಿದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಮಗಳ ಹೆಸರೇನು, ಈಗ ಹೇಗಿದ್ದಾಳೆ ಎಂದು ಕೇಳಿದರು. ಅವಳು ಹೇಳುತ್ತಾ ಹೋದಳು, ಅವರು ನಡುವೆ ಒಂದೂ ಮಾತಾಡದೆ ಕೇಳುತ್ತಾ ಕೂತರು. ವಿಶ್ವವಿದ್ಯಾಲಯದ ಪ್ರಕಾರ ಅವರ ಆರೋಗ್ಯ ಇನ್ನೂ ಸುಧಾರಿಸಿಲ್ಲ.